ಒಂಬತ್ತು ಕಿಲೋ ಬಿಸಿಲು

ಜನವರಿ 19, ಭಾನುವಾರ

ಸಭೆಯಿಂದ ಬಂದವಳು ಚಹಾ ಕೂಡ ಮಾಡಿಕೊಳ್ಳದೆ ಬರೆಯಲು ಕೂತಿದ್ದೇನೆ. ಇವರಿದ್ದಾಗ ಊಟಕ್ಕೆ ಬಡಿಸುತ್ತ ಎಲ್ಲರನ್ನೂ ಬೈದು ಹಗುರಾಗುತ್ತಿದ್ದೆ. ಇವರು ಹೂಂ ಅನ್ನುತ್ತ ಅನ್ನ ಕಲಸುತ್ತಿದ್ದರು. ಈಗ ಗೋಡೆಗೆ ಹೇಳಬೇಕು, ಇಲ್ಲವೇ ಹೀಗೆ ಬರೆಯಬೇಕು.

ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಇವರೇ ಕಾರ್ಯದರ್ಶಿಯಾಗಿದ್ದರು. ಇವರು ಹೋದ ಮೇಲೆ ಮೂರನೇ ಮಹಡಿಯ ಪ್ರಾಜಕ್ತಾ ಆ ಕುರ್ಚಿಯಲ್ಲಿ ಕೂತಿದ್ದಾಳೆ. ಕಲಬುರ್ಗಿ ಕಡೆಯ ಹುಡುಗಿ, ಈ ತೆಲುಗು ಊರಲ್ಲಿ ಬ್ಯಾಂಕಿನ ನೌಕರಿ, ಮಾತು ಪಟಪಟ. ಅವಳು ತಾರಸಿಯ ಮೇಲೆ ಸೋಲಾರ್ ಹಾಕಿಸುತ್ತಾಳಂತೆ. ಬಿಲ್ಲು ಹೆಚ್ಚಾಯಿತೆಂದು ಲಿಫ್ಟನ್ನು ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ಮಾತ್ರ ಓಡಿಸುತ್ತಿದ್ದೇವೆ. ಎರಡನೇ ಮಹಡಿಯ ಜಯಮ್ಮನವರಿಗೆ ಮಂಡಿನೋವು. ಅವರು ಬಾಗಿಲು ದಾಟಿದ್ದು ಯಾವಾಗಲೋ. ಸೋಲಾರ್ ಬಂದರೆ ಲಿಫ್ಟ್ ಇಡೀ ದಿನ ಓಡುತ್ತದೆ, ಮೇಲಾಗಿ ಸರ್ಕಾರದ ಸಬ್ಸಿಡಿಯೂ ಸಿಗುತ್ತದೆ.

ಎಲ್ಲ ಸರಿ. ನನ್ನ ಹಪ್ಪಳ ಎಲ್ಲಿ ಒಣಗಬೇಕು? ಸಂಕ್ರಾಂತಿ ಕಳೆದರೆ ಸಾಕು, ಮಳೆ ಬರುವವರೆಗೆ ಆ ತಾರಸಿ ನನ್ನದು. ಕಾಚಿಗೂಡದಿಂದ ಸುಂದರಾಬಾಯಿ ಬರುತ್ತಾಳೆ. ಅವಳು ಲಟ್ಟಿಸುತ್ತಾಳೆ, ನಾನು ಒಣಗಿಸುತ್ತೇನೆ, ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು. ನಮ್ಮ ಹಿಮಾಯತ್‌ನಗರದ ಅರ್ಧ ಮದುವೆಗಳಲ್ಲಿ ಎಲೆಯ ತುದಿಗೆ ಬೀಳುವುದು ನಮ್ಮ ಹಪ್ಪಳವೇ. ಈ ವರ್ಷವಂತೂ ಅದೊಂದನ್ನೇ ನೆಚ್ಚಿಕೊಂಡು ಬೆಳಿಗ್ಗೆ ಏಳುತ್ತಿದ್ದೇನೆ.

"ಬಿಸಿಲಿಗೂ ಪಾಲು ಕೇಳಾಕತ್ತೀರೇನು?" ಅಂದೆ.

"ಕಾಕು, ಅರ್ಧ ನಿಮಗ, ಅರ್ಧ ಸೋಲಾರಿಗೆ. ಆರು ಕಿಲೋವ್ಯಾಟ್ ಹಾಕ್ತೀವಿ, ಅಷ್ಟ ಸಾಕು" ಅಂದಳು ಪ್ರಾಜಕ್ತಾ. ಜಯಮ್ಮನವರ ಗಂಡ ವೀರಭದ್ರಪ್ಪನವರು ಎದ್ದು ನಿಂತು, "ಸರ್ಕಾರ ಕೊಡ್ತಿರೋವಾಗ ಅರ್ಧ ಯಾಕಮ್ಮಾ?" ಎಂದರು. ಕೇಂದ್ರ ಸರ್ಕಾರದ ಕಾರ್ಖಾನೆಯಿಂದ ನಿವೃತ್ತರಾದ ಮನುಷ್ಯ, ಪುಕ್ಕಟೆ ಅಂದರೆ ಕಿವಿ ನೆಟ್ಟಗಾಗುತ್ತದೆ.

ಕೊನೆಗೆ ಅರ್ಧಕ್ಕರ್ಧವೆಂದು ಒಪ್ಪಂದವಾಯಿತು. ಒಪ್ಪಿದೆ, ಆದರೆ ಸಿಟ್ಟು ಇಳಿದಿಲ್ಲ.

ಫೆಬ್ರವರಿ 2

ಮೊದಲ ಹಪ್ಪಳ ಹಾಕಿದೆವು. ಬಿಸಿಲು ಇನ್ನೂ ಎಳೆಯದು.

ಹೋದ ವರ್ಷ ಕಾಗೆ ಓಡಿಸಲು ಇವರು ಕೋಲು ಹಿಡಿದು ಕೂತಿರುತ್ತಿದ್ದರು. ಕೂತಲ್ಲೇ ತೂಕಡಿಸುತ್ತಿದ್ದರು, ಕಾಗೆ ಹಪ್ಪಳ ಒಯ್ಯುತ್ತಿತ್ತು, ನಾನು ಇಬ್ಬರನ್ನೂ ಬೈಯುತ್ತಿದ್ದೆ. ಇವತ್ತು ಕಾಗೆಯನ್ನು ಬೈಯಲೂ ಮನಸ್ಸಾಗಲಿಲ್ಲ. ಸುಂದರಾಬಾಯಿ ಸುಮ್ಮನೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, "ಅಕ್ಕಾರ, ನೆರಳಿಗೆ ಕೂಡ್ರಿ" ಅಂದಳು. ಅತ್ತುಬಿಟ್ಟೆ.

ಸಂಜೆ ಪ್ರಾಜಕ್ತಾ ಬಂದಿದ್ದಳು. ಲಿಫ್ಟು, ಪಂಪುಗಳ ಮೀಟರು ಇವರ ಮೊಬೈಲ್ ನಂಬರಿಗೇ ಜೋಡಣೆಯಾಗಿದೆ. ಸೋಲಾರ್ ಅರ್ಜಿಯ ಸಂದೇಶಗಳೂ ಆ ನಂಬರಿಗೇ ಬರುತ್ತವಂತೆ. ನಂಬರು ಬದಲಿಸೋಣವೇ ಎಂದು ಕೇಳಿದಳು. ಬೇಡವೆಂದೆ. ಆ ಫೋನು ಈಗ ನನ್ನ ಹತ್ತಿರವಿದೆ, ಹಪ್ಪಳದ ಗಿರಾಕಿಗಳೂ ಅದಕ್ಕೇ ಮಾಡುತ್ತಾರೆ. ಯಾರಾದರೂ "ಮಲ್ಲಿಕಾರ್ಜುನ್ ಸಾಬ್ ಇದ್ದಾರಾ?" ಎಂದರೆ, "ಹೊರಗ ಹೋಗ್ಯಾರ" ಅನ್ನುತ್ತೇನೆ. ಸುಳ್ಳೇನಲ್ಲ.

ಅವಳು ಒತ್ತಾಯ ಮಾಡಲಿಲ್ಲ.

ಫೆಬ್ರವರಿ 11

ಜೀಡಿಮೆಟ್ಲಾದಲ್ಲಿ ಅಂಗಡಿಯಿರುವ ಸೋಲಾರಿನ ಹೇಮಂತ ಎಂಬಾತ ಬಂದು ಕೆಳಗೆ ಮೀಟರಿನ ಪಕ್ಕ ಇನ್ವರ್ಟರು ತೂಗುಹಾಕಿ ಹೋಗಿದ್ದಾನಂತೆ. ಆರು ಕಿಲೋದ್ದು. ನಾನು ತಾರಸಿಯಲ್ಲಿದ್ದೆ, ಅವನ ಮುಖ ನೋಡಲಿಲ್ಲ. ಆಮೇಲೆ ಇಳಿದು ನೋಡಿದರೆ ಗೋಡೆಗೆ ಒಂದು ಬಿಳಿ ಡಬ್ಬಿ. ಬಿಸಿಲಿನಿಂದ ಪ್ಯಾನಲ್ಲು ಮಾಡಿದ ಕರೆಂಟನ್ನು ಇದು ಲಿಫ್ಟಿಗೆ ಒಗ್ಗುವ ಹಾಗೆ ಪಳಗಿಸಿ ಕೊಡುತ್ತದೆ ಎಂದು ಪ್ರಾಜಕ್ತಾ ಹೇಳಿದಳು. ಎಲ್ಲರೂ ಕಿಲೋವ್ಯಾಟ್ ಅನ್ನಲು ಸೋಮಾರಿತನ ಪಟ್ಟು ಕಿಲೋ ಅಂತಲೇ ಅನ್ನುತ್ತಾರೆ. ಬೆಲ್ಲ ಕೊಂಡ ಹಾಗೆ.

ಅಡುಗೆ ಕಂತ್ರಾಟಿನವನೊಬ್ಬ ಬಂದಿದ್ದ. ಶಿವರಾತ್ರಿಯ ನಂತರ ಮದುವೆ ಇದೆ, ಆರು ಕಿಲೋ ಹಪ್ಪಳ ಬೇಕಾಗಬಹುದು, ಫೋನ್ ಮಾಡಿ ಪಕ್ಕಾ ಮಾಡುತ್ತೇನೆ ಎಂದ.

ಫೆಬ್ರವರಿ 17

ಇವತ್ತು ಬಹಳ ದಿನಗಳ ಮೇಲೆ ಸಂತೋಷವಾಗಿದೆ!

ಉದ್ದಿನ ಹಿಟ್ಟು ನಾದುತ್ತಿದ್ದಾಗ ಫೋನ್ ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ. ಕಂತ್ರಾಟಿನವನು ಫೋನ್ ಮಾಡಿದ್ದ.

"ಅಮ್ಮಾ, ಛೇ ಕಿಲೋ ಬೋಲೆ ಥೇ ನಾ? ನೌ ಕಿಲೋ ಕರ್‌ದೂಂ? ಆಪ್ ಕಾಇಚ್ ಫಾಯಿದಾ!" ಅಂದ. ಆರರ ಬದಲು ಒಂಬತ್ತು ಮಾಡಲಾ, ನಿಮಗೇ ಲಾಭ ಅಂತ.

ಒಂಬತ್ತೇ ಯಾಕೋ, ಹತ್ತಾದರೂ ಅನ್ನಬಾರದೇ ಅಂದುಕೊಂಡೆ. ಆದರೂ ಬಂದ ಲಕ್ಷ್ಮಿಯನ್ನು ಬೇಡ ಅನ್ನಲಾದೀತೇ. "ಹೌ, ಕರೋ. ಪಕ್ಕಾ" ಅಂದೆ.

ಮೇಲೆ ಬಿಸಿಲು ಚೆನ್ನಾಗಿದೆಯಾ ಎಂದು ಕೇಳಿದ. ಏಕದಂ ಕಡಕ್ ಇದೆ ಅಂದೆ. ನೆರಳೇನೂ ಬೀಳುವುದಿಲ್ಲವಲ್ಲ ಎಂದು ಕೇಳಿದ. ಒಂದು ಕಾಗೆಯ ನೆರಳೂ ಬೀಳಗೊಡುವುದಿಲ್ಲ ಅಂದೆ. ಮಾಲು ಶಿವರಾತ್ರಿ ಆದ ಕೂಡಲೇ ಅಂದ. ಆಗಲಿ ಅಂದೆ. ಹಪ್ಪಳದ ಮೇಲೆ ಇಷ್ಟೊಂದು ಕಾಳಜಿ ಇರುವ ಗಿರಾಕಿಯನ್ನು ನನ್ನ ಜನ್ಮದಲ್ಲಿ ನೋಡಿಲ್ಲ.

ಸುಂದರಾಬಾಯಿಗೆ ಹೇಳಿದರೆ, "ಒಂಬತ್ತ ಕಿಲೋ! ನನ್ನ ರಟ್ಟಿ ಗತಿ ಏನ್ರಿ ಅಕ್ಕಾರ?" ಎಂದು ನಕ್ಕಳು.

ಫೆಬ್ರವರಿ 25

ಲಟ್ಟಿಸು, ಒಣಗಿಸು, ತಿರುವಿ ಹಾಕು. ಸೊಂಟ ಬಿದ್ದುಹೋಗಿದೆ. ಒಳ್ಳೆ ನಿದ್ದೆ.

ಫೆಬ್ರವರಿ 28

ಹೇಗೆ ಬರೆಯಲಿ?

ಬೆಳಿಗ್ಗೆ ಗಾಡಿ ಬಂತು. ಪ್ಯಾನಲ್ಲುಗಳನ್ನು ಮೇಲೆ ತಂದು ಒರಗಿಸುತ್ತಲೇ ಇದ್ದರು, ಒರಗಿಸುತ್ತಲೇ ಇದ್ದರು. ಅರ್ಧ ತಾರಸಿಗೆ ಇಷ್ಟೊಂದು ಯಾಕೆ ಎಂದು ನಾನು ಅರ್ಧಕ್ಕೆ ಸರಿಯಾಗಿ ಎಳೆದಿಟ್ಟಿದ್ದ ಸುಣ್ಣದ ಗೆರೆ ತೋರಿಸಿ ಜಗಳಕ್ಕೆ ನಿಂತೆ. ಹೇಮಂತ ಕೈಮುಗಿದು, "ಅಮ್ಮಾ, ನೀವೇ ನೌ ಕಿಲೋ ಪಕ್ಕಾ ಅಂದಿರಲ್ಲ" ಎಂದು ಹಿಂದಿಯಲ್ಲಿ ಹೇಳಿದ. ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು.

ಹಪ್ಪಳದ ಗಿರಾಕಿಯಲ್ಲ. ಇವನು. ಮೀಟರಿನ ದಾಖಲೆಯಲ್ಲಿದ್ದ ಇವರ ನಂಬರಿಗೆ ಫೋನ್ ಮಾಡಿ, ಸಂಘದವರೇ ಎಂದುಕೊಂಡು ಕೇಳಿದ್ದಾನೆ. ನಾನು ಹಿಟ್ಟಿನ ಕೈಯಲ್ಲಿ ನನ್ನ ತಾರಸಿಯನ್ನು ಪೂರ್ತಿ ಅವನಿಗೆ ಬರೆದುಕೊಟ್ಟಿದ್ದೇನೆ. ಕಡಕ್ ಬಿಸಿಲಿದೆ ಅಂತ ಬೇರೆ ಹೊಗಳಿದ್ದೇನೆ!

ಅವನಿಗೆ, ಸಂಘದವರನ್ನು ಕೇಳು ಎಂದಷ್ಟೇ ಹೇಳಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಡಬ್ಬಿ ತುಂಬ ಹಪ್ಪಳ ನನ್ನ ಮುಖವನ್ನೇ ನೋಡುತ್ತಿದ್ದವು.

ಮಾರ್ಚ್ 1

ನಿಜವಾದ ಕಂತ್ರಾಟಿನವನು ಬಂದು ಆರು ಕಿಲೋ ಒಯ್ದ. ಉಳಿದ ಮೂರು ಕಿಲೋ ನನ್ನ ಬುದ್ಧಿಗೆ ಬಂದ ಬಹುಮಾನ.

ಮಾರ್ಚ್ 2

ಹೇಮಂತನ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಎಲ್ಲರೂ ಅವನನ್ನೇ ಬೈಯುತ್ತಿದ್ದರು. ಆದರೆ ರಾತ್ರಿಯೆಲ್ಲ ಅವನು ಕೈಮುಗಿದದ್ದೇ ಕಣ್ಣಮುಂದೆ. ಪ್ರಾಜಕ್ತಾಳ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಅವಳು ಮೊದಲು ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಸೋಫಾದ ಮೇಲೆ ಉರುಳಿ ನಕ್ಕಳು. "ಕಾಗಿ ನೆರಳೂ ಬೀಳಗೊಡಂಗಿಲ್ಲ ಅಂದ್ರೇನ್ರಿ ಕಾಕು?" ಎಂದು ಕೇಳಿ ಮತ್ತೆ ನಕ್ಕಳು. ನನಗೆ ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡೆವು. ಇವರು ಹೋದ ಮೇಲೆ ನಾನು ಹಾಗೆ ನಕ್ಕಿದ್ದು ಇದೇ ಮೊದಲು ಅನಿಸುತ್ತದೆ.

ಎದ್ದು ಬರುವಾಗ ನಾನೇ ಹೇಳಿದೆ: "ಆ ನಂಬರ ಬದಲ ಮಾಡಿಬಿಡವ್ವಾ. ನಿಂದ ಹಾಕು. ಅವರಿಗೂ ಎಷ್ಟಂತ ಕೆಲಸ ಹಚ್ಚೋದು."

ಆದರೆ ಸಂಘದವರ ವರಸೆ ಬದಲಾಗಿದೆ. ಪ್ಯಾನಲ್ಲು ಒಂಬತ್ತು ಕಿಲೋ ಆದರೆ ಸಬ್ಸಿಡಿಯೂ ಒಂಬತ್ತು ಕಿಲೋದ ಲೆಕ್ಕದಲ್ಲೇ ಬರುತ್ತದೆ, ಬಂದ ಮಾಲನ್ನು ಕಳಿಸುವುದೇಕೆ ಎಂದು ವೀರಭದ್ರಪ್ಪನವರು ಮನೆಮನೆ ತಿರುಗುತ್ತಿದ್ದಾರೆ. ಹೇಮಂತನೂ ಹಾಗೇ ಅಂದುಕೊಂಡಿದ್ದಾನೆ. ಒಂಬತ್ತನೇ ತಾರೀಖು ಸಭೆ. ಬಹುಮತ ಬಂದರೆ ತಾರಸಿ ಹೋದಂತೆ.

ಸುಂದರಾಬಾಯಿಗೆ ಏನು ಹೇಳಲಿ? ಬೇಸಿಗೆಯ ನಾಲ್ಕು ತಿಂಗಳು ಅವಳಿಗೂ ಇದೇ ಆಧಾರ. ಅವಳ ಕಾಚಿಗೂಡದ ಮನೆಗೆ ಬಿಸಿಲೇ ಬೀಳುವುದಿಲ್ಲ.

ಮಾರ್ಚ್ 4

ಉಳಿದ ಹಪ್ಪಳವನ್ನು ಮನೆಮನೆಗೂ ಕೊಟ್ಟೆ. ಇಟ್ಟುಕೊಂಡು ಪೂಜೆ ಮಾಡಲೇ? ವೀರಭದ್ರಪ್ಪನವರು ಬಾಗಿಲಲ್ಲೇ, "ಇದು ಲಂಚ ಅಲ್ವಾ ಉಮಾಬಾಯಿಯವ್ರೇ?" ಅಂದರು. "ಕರಿದು ತಿಂದ ಮ್ಯಾಲ ಹೇಳ್ರಿ" ಅಂದೆ.

ಒಳಗೆ ಜಯಮ್ಮನವರು ಕಿಟಕಿಯ ಪಕ್ಕ ಕೂತಿದ್ದರು. ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆ. ನನ್ನ ಕೈಯಿಂದ ಹಪ್ಪಳ ತೆಗೆದುಕೊಂಡು ಮೂಸಿ, "ಬಿಸಿಲಿನ ವಾಸನೆ ಇದೆ ನೋಡಿ" ಅಂದರು. ತುಮಕೂರಿನಲ್ಲಿ ತಾವೂ ಮಾಡುತ್ತಿದ್ದುದನ್ನು ಹೇಳಿದರು. ಚಹಾ ಕುಡಿದು ಬಂದೆ. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದು ಅವರ ಮನೆಯ ಚಹಾ ಕುಡಿದಿರಲಿಲ್ಲ.

ಮಾರ್ಚ್ 7

ಪ್ರಾಜಕ್ತಾ ಆಫೀಸಿನಿಂದ ಸೀದಾ ನನ್ನ ಅಡುಗೆಮನೆಗೆ ಬಂದಳು. ಸಬ್ಸಿಡಿಯ ನಿಯಮಗಳನ್ನು ತೆಗೆದು ಓದಿದ್ದಾಳೆ.

"ಕಾಕು, ಇಲ್ಲಿ ಕೇಳ್ರಿ. ಸೋಲಾರ್ ಎಷ್ಟು ಕಿಲೋದ್ದು ಅನ್ನೋದನ್ನ ಬರೇ ಪ್ಯಾನಲ್ ನೋಡಿ ಬರ್ಕೊಳ್ಳಂಗಿಲ್ಲ. ಪ್ಯಾನಲ್ ಎಲ್ಲಾ ಕೂಡಿ ಎಷ್ಟು, ಇನ್ವರ್ಟರ್ ಎಷ್ಟು, ಎರಡರಾಗ ಯಾವುದು ಕಡಿಮಿ ಐತಿ ಅದನ್ನ ಹಿಡೀತಾರ. ಸಬ್ಸಿಡಿ ಅದಕ್ಕಷ್ಟ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಕೈಯಲ್ಲಿದ್ದ ಹಿಟ್ಟನ್ನು ನೋಡಿದೆ. ಸುಂದರಾಬಾಯಿ ಒಂಬತ್ತು ಕಿಲೋ ಲಟ್ಟಿಸಿದಳು ಅನ್ನೋಣ. ಒಣಗಿಸಲು ನನ್ನ ಹತ್ತಿರ ಆರು ಕಿಲೋಗಾಗುವಷ್ಟೇ ಜಾಗವಿದ್ದರೆ ಗಿರಾಕಿಗೆ ಸಿಗುವುದು ಎಷ್ಟು? ಆರೇ. ಉಳಿದದ್ದು ಬೂಸರು ಹಿಡಿದು ಹಾಳು. ಜಾಗ ಒಂಬತ್ತರದ್ದಿದ್ದು ಅವಳು ಆರೇ ಲಟ್ಟಿಸಿದರೂ ಆರೇ.

"ಹಂಗ ಅಂದ್ರ ಕೆಳಗಿನ ಬಿಳಿ ಡಬ್ಬಿ ಆರು ಕಿಲೋದ್ದು..." ಅಂದೆ.

"ಮ್ಯಾಲ ಊರೆಲ್ಲಾ ಪ್ಯಾನಲ್ ಹಾಸಿದ್ರೂ ಆರೇ!" ಅಂದಳು.

ಅವಳನ್ನು ಹಿಟ್ಟಿನ ಕೈಯಲ್ಲೇ ಅಪ್ಪಿಕೊಂಡೆ. ಅವಳ ಆಫೀಸಿನ ಸೀರೆ ಹಾಳಾಯಿತು. ಈ ಹುಡುಗಿಯನ್ನು ಜನವರಿಯಲ್ಲಿ ಏನೇನೋ ಅಂದಿದ್ದೇನೆ, ಅದನ್ನೆಲ್ಲ ಇಲ್ಲಿ ಬರೆಯದೇ ಇದ್ದದ್ದು ಒಳ್ಳೆಯದಾಯಿತು.

ಮಾರ್ಚ್ 9, ಭಾನುವಾರ

ಸಭೆ ತಾರಸಿಯಲ್ಲೇ ಆಯಿತು. ಎಲ್ಲರೂ ಬರಲೆಂದು ಲಿಫ್ಟ್ ಚಾಲೂ ಇಟ್ಟಿದ್ದರು. ಜಯಮ್ಮನವರೂ ಬಂದರು. ಲಿಫ್ಟಿನ ಬಾಗಿಲು ತೆರೆದಾಗ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತರು. ನನ್ನ ಕುರ್ಚಿ ಕೊಟ್ಟೆ.

ಪ್ರಾಜಕ್ತಾ ನಿಯಮ ಓದಿದಳು. ತೆಲುಗಿನವರಿಗೆ ತೆಲುಗಿನಲ್ಲಿ ಹೇಳಿದಳು. ಯಾರ ಮುಖದಲ್ಲೂ ಅರ್ಥವಾದ ಲಕ್ಷಣ ಕಾಣದ್ದಕ್ಕೆ ನಾನು ಎದ್ದು ಹಪ್ಪಳದ ಲೆಕ್ಕ ಹೇಳಿದೆ. ಅದು ಎಲ್ಲರಿಗೂ ಗೊತ್ತಾಯಿತು. ಹೇಮಂತ ಯಾರಿಗೋ ಫೋನ್ ಮಾಡಿ ಕೇಳಿ, ಹೌದು, ಅದೇ ಸರಿ, ನಾನು ಪ್ಯಾನಲ್ಲಿನದನ್ನೇ ಹಿಡಿಯುತ್ತಾರೆ ಅಂದುಕೊಂಡಿದ್ದೆ ಎಂದು ಒಪ್ಪಿಕೊಂಡ. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ವೀರಭದ್ರಪ್ಪನವರು, "ಹಾಗಾದ್ರೆ ಇನ್ವರ್ಟರ್ರೂ ಒಂಬತ್ತರದ್ದೇ ಹಾಕಿಬಿಡಿ. ಎರಡೂ ಒಂಬತ್ತಾದ್ರೆ ಸಬ್ಸಿಡಿ ಒಂಬತ್ತಕ್ಕೇ ಬರುತ್ತಲ್ಲ?" ಅಂದರು.

ಬರುತ್ತದೆ ಅಂದ ಹೇಮಂತ. ಪ್ರಾಜಕ್ತಾ ನನ್ನ ಮುಖ ನೋಡಿದಳು. ಆರು ಕಿಲೋದಲ್ಲಿ ಲಿಫ್ಟು, ಮೆಟ್ಟಿಲಿನ ದೀಪಗಳ ಖರ್ಚು ತೂಗುತ್ತದೆ, ಒಂಬತ್ತಾದರೆ ನೀರಿನ ಪಂಪಿನದೂ ತೂಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳು ಕಾರ್ಯದರ್ಶಿ, ನನಗಾಗಿ ಮುಚ್ಚಿಡುವಂತಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಇವರಾಗಿದ್ದರೂ ಹಾಗೇ ಹೇಳುತ್ತಿದ್ದರು.

ಒಂಬತ್ತಕ್ಕೆ ಯಾರು ಯಾರು ಎಂದಾಗ ಕೈಗಳು ಏಳತೊಡಗಿದವು. ಸುಂದರಾಬಾಯಿಯ ಮುಖವೊಂದೇ ನೆನಪಾಗುತ್ತಿತ್ತು.

"ಒಂದ್ನಿಮಿಷ" ಅಂದರು ಜಯಮ್ಮನವರು.

ಅವರು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ವೀರಭದ್ರಪ್ಪನವರೂ ಕೈ ಎತ್ತಿದ್ದವರು ಹಾಗೇ ತಿರುಗಿ ನೋಡಿದರು.

"ಎಲ್ರೂ ನನ್ನ ಮಂಡಿ ಹೆಸರು ಹೇಳಿಯೇ ಇದನ್ನೆಲ್ಲ ಶುರು ಮಾಡಿದ್ರಿ. ಸಂತೋಷ. ಆದ್ರೆ ಲಿಫ್ಟ್ ಬಂದ್ರೆ ನಾನು ಎಲ್ಲಿಗೆ ಹೋಗ್ತೀನಿ ಅಂತ ಯಾರಾದ್ರೂ ಕೇಳಿದ್ರಾ? ಕೆಳಗಿಳಿದ್ರೆ ಸ್ಕೂಟರ್‌ಗಳು, ಅದನ್ನ ದಾಟಿದ್ರೆ ರೋಡು. ಆ ಗಾಡಿಗಳ ಮಧ್ಯೆ ನಂಗೇನು ಕೆಲಸ? ನಂಗೆ ಬೇಕಾಗಿರೋದು ಮೇಲಕ್ಕೆ ಬರೋಕೆ. ಈ ಬಿಸಿಲಿಗೆ. ಇಲ್ಲೂ ಪೂರ್ತಿ ಮುಚ್ಚಿಬಿಟ್ರೆ, ಲಿಫ್ಟ್ ಹತ್ಕೊಂಡು ಬಂದು ನಾನು ಎಲ್ಲಿ ಕೂರ್ಲಿ ಹೇಳಿ?"

ವೀರಭದ್ರಪ್ಪನವರು ಎತ್ತಿದ್ದ ಕೈಯಿಂದ ತಲೆ ಕೆರೆದುಕೊಂಡು, "ನಾನು ಆರಕ್ಕೇ ಅಂದೆ" ಅಂದರು. ಎಲ್ಲರೂ ಹೋ ಎಂದು ನಕ್ಕರು. ಒಂದೊಂದಾಗಿ ಕೈಗಳು ಇಳಿದವು.

ಆರೇ. ಹೆಚ್ಚಿನ ಪ್ಯಾನಲ್ಲುಗಳನ್ನು ಬೇರೆ ಕಟ್ಟಡಕ್ಕೆ ಒಯ್ಯುತ್ತೇನೆ ಎಂದು ಹೇಮಂತ ಗೊಣಗುತ್ತಲೇ ಒಪ್ಪಿದ. ಅವನಿಗೂ ಹಪ್ಪಳ ಕಟ್ಟಿಕೊಟ್ಟೆ.

ಮಾರ್ಚ್ 23

ಪ್ಯಾನಲ್ಲುಗಳನ್ನು ಆಳೆತ್ತರದ ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ್ದಾರೆ. ಅವುಗಳ ಕೆಳಗೆ ತಂಪು ನೆರಳು! ಇಷ್ಟು ವರ್ಷ ಸುಂದರಾಬಾಯಿ ಬಿಸಿಲಲ್ಲಿ ಸೆರಗು ಹೊದ್ದು ಲಟ್ಟಿಸಿದ್ದಾಳೆ. ಇವತ್ತು ಮಣೆ ಹಾಕಿಕೊಂಡು ನೆರಳಲ್ಲಿ ಕೂತು, "ಅಕ್ಕಾರ, ಇದು ನಮಗ ಮದ್ಲ ಯಾಕ ಹೊಳೀಲಿಲ್ರಿ?" ಅಂದಳು. ನಾನೇ ಬೇಡ ಅಂತ ಹಾರಾಡಿದ್ದೆ ಎಂದು ಅವಳಿಗೆ ನೆನಪು ಮಾಡಿಕೊಡಲಿಲ್ಲ.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ ಹಂಚಿದೆ. ಇವರ ಫೋಟೋದ ಮುಂದೆ ಇಟ್ಟು, ಈ ಸಲ ಹೋಳಿಗೆಗೆ ಹೂರಣ ಸ್ವಲ್ಪ ನೀರಾಯಿತು ಎಂದೆ. ಮಧ್ಯಾಹ್ನ ಪ್ರಾಜಕ್ತಾ, ಸುಂದರಾಬಾಯಿ ಇಲ್ಲೇ ಉಂಡರು.

ಏಪ್ರಿಲ್ 8

ತಾರಸಿಯಲ್ಲಿ ಕಾಲಿಡಲು ಜಾಗವಿಲ್ಲ. ಜಯಮ್ಮನವರು ಹತ್ತು ಗಂಟೆಗೆ ಲಿಫ್ಟಿನಲ್ಲಿ ಬಂದರೆ ಊಟದ ಹೊತ್ತಿನವರೆಗೆ ಇಳಿಯುವುದಿಲ್ಲ. ಅವರ ಮಜ್ಜಿಗೆ ಮೆಣಸಿನಕಾಯಿ ಒಂದು ಹಾಸಿಗೆಯಷ್ಟು. ಪ್ರಾಜಕ್ತಾಳ ಅತ್ತೆ ಕಳಿಸಿದ ಮಾವಿನ ಹೋಳು. ನಾಲ್ಕನೇ ಮಹಡಿಯ ತೆಲುಗಿನವರ ವಡಿಯಾಲು, ಅಂದರೆ ನಮ್ಮ ಸಂಡಿಗೆ. ವೀರಭದ್ರಪ್ಪನವರು ಕಾಗೆ ಓಡಿಸುವ ಕೆಲಸ ತಾವೇ ವಹಿಸಿಕೊಂಡು, ಪೇಪರ್ ಓದುತ್ತ ಕೂಗುತ್ತಾರೆ. ಕಾಗೆಗಳಿಗಿಂತ ಅವರ ಗದ್ದಲವೇ ಹೆಚ್ಚು. ನನ್ನ ಹಪ್ಪಳಕ್ಕೆ ಮೂಲೆ ಸಿಗುತ್ತಿದೆ. ನಾಳೆ ಎಲ್ಲರಿಗಿಂತ ಮುಂಚೆ ಹೋಗಬೇಕು.

ಏಪ್ರಿಲ್ 16

ಸಬ್ಸಿಡಿಗಾಗಿ ತಪಾಸಣೆ ಮಾಡಲು ವಿದ್ಯುತ್ ಕಚೇರಿಯಿಂದ ಅಧಿಕಾರಿ ಬಂದಿದ್ದರು. ಪ್ಯಾನಲ್ಲುಗಳ ಹಿಂದಿನ ಚೀಟಿಗಳನ್ನು ಓದಿಕೊಂಡರು, ಕೆಳಗೆ ಹೋಗಿ ಇನ್ವರ್ಟರು ನೋಡಿ ಬಂದರು. ಎರಡೂ ತಾಳೆಯಾದವು, ಆರು ಕಿಲೋವ್ಯಾಟ್ ಎಂದು ಬರೆದುಕೊಂಡರು. ಪ್ರಾಜಕ್ತಾ ನನ್ನ ಕೈ ಒತ್ತಿದಳು.

ಹೊರಡುವಾಗ ಅವರು ಉಳಿದರ್ಧವನ್ನು ನೋಡಿ ನಿಂತರು. ಮೆಣಸಿನಕಾಯಿ, ಮಾವು, ಸೀರೆಯ ಮೇಲೆ ಸಾಲುಸಾಲು ಹಪ್ಪಳ, ನಡುವೆ ಕಾಲು ಚಾಚಿ ಕೂತ ಜಯಮ್ಮನವರು.

"ಈ ಜಾಗಾ ಎವರಿದಮ್ಮಾ?" ಎಂದು ನನ್ನನ್ನು ಕೇಳಿದರು. ಈ ಜಾಗ ಯಾರದ್ದು ಅಂತ.

ತಾರಸಿಯ ವಿಷಯದಲ್ಲಿ ಉತ್ತರಕ್ಕೆ ನಾನು ತಡಕಾಡಿದವಳೇ ಅಲ್ಲ. ತಟ್ಟನೆ "ಮಾದಿ ಸಾರ್" ಅಂದೆ. ಅವರು ನಕ್ಕು ಲಿಫ್ಟಿನೊಳಗೆ ಹೋದರು.

ಪ್ರಾಜಕ್ತಾ ನನ್ನನ್ನೇ ನೋಡುತ್ತಿದ್ದಳು. "ಕಾಕು, ಮಾದಿ ಅಂದ್ರಲ್ರಿ!"

"ಅಂದ್ನೇನು?"

ತೆಲುಗಿನಲ್ಲಿ ನನ್ನದು ಅನ್ನಲು ನಾದಿ ಅನ್ನಬೇಕು. ಮಾದಿ ಅಂದರೆ ನಮ್ಮದು. ಮದುವೆಯಾಗಿ ಬಂದಾಗಿನಿಂದ ತೆಲುಗು ಆಡುತ್ತಿದ್ದೇನೆ, ಇನ್ನೂ ಒಂದಕ್ಷರ ಆಚೀಚೆ ಆಗುತ್ತದೆ. ಲಿಫ್ಟ್ ಆಗಲೇ ಕೆಳಗಿಳಿದಿತ್ತು. ತಿದ್ದಲಿಕ್ಕೆ ಅವರ ಬೆನ್ನು ಹತ್ತಿ ಹೋಗಲಿಲ್ಲ.